ಕಾಗುಣಿತ ಕಂಡೂ ಬಿಟ್ಟ ಪದ

ಬುದ್ಧನಾಗುವುದು ಒಂದು ಜನ್ಮದ ಕೆಲಸವಲ್ಲ. ಬೌದ್ಧರ ಹಳೆಯ ಗ್ರಂಥಗಳ ಪ್ರಕಾರ ಅದಕ್ಕೆ ಹತ್ತು ಸದ್ಗುಣಗಳನ್ನು ತುದಿ ಮುಟ್ಟುವ ತನಕ ಬೆಳೆಸಬೇಕು. ಅವಕ್ಕೆ ಪಾರಮಿಗಳು ಎಂದು ಹೆಸರು. ಒಂದೊಂದು ಪಾರಮಿಗೂ ಎಷ್ಟೋ ಜನ್ಮ ಹಿಡಿಯುತ್ತದೆ. ರಾಜನಾಗಿ ಹುಟ್ಟಬೇಕು, ಮೊಲವಾಗಿ ಹುಟ್ಟಬೇಕು, ಕೋಣವಾಗಿ ಹುಟ್ಟಬೇಕು, ಪ್ರತಿ ಸಲವೂ ಕೈಲಿದ್ದದ್ದನ್ನೋ ಮೈಲಿದ್ದದ್ದನ್ನೋ ಕೊಟ್ಟು ಸಂತೋಷಪಡಬೇಕು. ದಾನದಿಂದ ಶುರುವಾಗಿ ಉಪೇಕ್ಷೆಗೆ ಮುಗಿಯುವ ಆ ಪಟ್ಟಿಯಲ್ಲಿ ಹೊಟ್ಟೆಕಿಚ್ಚು ಇಲ್ಲ. ಇದ್ದಿದ್ದರೆ ನಮ್ಮ ಕಾಗುಣಿತ ಇದೇ ಜನ್ಮದಲ್ಲಿ, ಐವತ್ತನಾಲ್ಕನೆಯ ವಯಸ್ಸಿಗೇ, ದಡ ಮುಟ್ಟಿರುತ್ತಿದ್ದ.

ಕಾಗುಣಿತ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮೂವತ್ತೊಂದು ವರ್ಷದಿಂದ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ಕೂತ ಮನುಷ್ಯನನ್ನು ಜನ ಇನ್ನೇನೆಂದು ಕರೆದಾರು? ಅವನ ಸಿಂಹಾಸನ ಕಾಗದದ ರಾಶಿಗೂ ಕತ್ತರಿಸುವ ಯಂತ್ರಕ್ಕೂ ನಡುವೆ ಇತ್ತು. ಒಂದು ಕಾಲು ಗಿಡ್ಡವಾದ ಮೇಜು, ಸಾಲಿನ ಕೆಳಗೆ ಒತ್ತಿ ಹಿಡಿಯಲು ಮರದ ಅಡಿಪಟ್ಟಿ, ಕೆಂಪು ಪೆನ್ನು. ಅವನು ಆ ಪೆನ್ನಿನ ಮುಚ್ಚಳ ತೆಗೆದನೆಂದರೆ ಅಲ್ಪಪ್ರಾಣಗಳಿಗೆ ಪ್ರಾಣಸಂಕಟ ಶುರುವಾಗುತ್ತಿತ್ತು. ಮನೆಯಲ್ಲೂ ಕದನವಿರಾಮವಿರಲಿಲ್ಲ. ಒಮ್ಮೆ ಹೆಂಡತಿ 'ಊಟ ಮುಚ್ಚಿಟಿದೀನಿ' ಎಂದು ಚೀಟಿ ಬರೆದಿಟ್ಟು ಹೋದಾಗ ಅವನು ಮೊದಲು ಟಕಾರಕ್ಕೆ ಕೆಂಪು ಒತ್ತು ಕೊಟ್ಟು ಆಮೇಲೆ ಊಟಕ್ಕೆ ಕೂತ. ಅವತ್ತಿಗೆ ಅವಳು ಚೀಟಿ ಬರೆಯುವುದನ್ನು ಬಿಟ್ಟಳು. ಈಗ ಏನಿದ್ದರೂ ಬಾಯಲ್ಲೇ ಹೇಳುತ್ತಾಳೆ. ಒತ್ತಿನ ಕೊರತೆ ಇಲ್ಲ.

ಗ್ರಂಥದ ಧಾಟಿಯಲ್ಲೇ ಅವನ ಪೂರ್ವಚರಿತೆ ಹೇಳುವುದಾದರೆ, ಒಂದು ಕಾಲದಲ್ಲಿ ಅವನು ಆರನೇ ಕ್ಲಾಸಿನ ವಿದ್ಯಾರ್ಥಿಯಾಗಿದ್ದ. ಪಕ್ಕದಲ್ಲಿ ಕೂರುತ್ತಿದ್ದವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಮೇಷ್ಟ್ರು ಆ ನೋಟುಬುಕ್ಕನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ಆ ಮುತ್ತುಗಳಲ್ಲಿ ನಾಲ್ಕು ಒಡೆದಿವೆ ಎಂದು ನಮ್ಮ ನಾಯಕ ಎದ್ದು ನಿಂತು ಸಾಬೀತು ಮಾಡಿದ. ಮೇಷ್ಟ್ರು ಹೊಗಳಲಿಲ್ಲ, ಕೂರಿಸಿದರು. ಇನ್ನೊಂದು ಕಾಲದಲ್ಲಿ ಮದುಮಗನಾಗಿದ್ದ. ಅವನದೇ ಮದುವೆಯ ಕರೆಯೋಲೆ 'ಶುಬವಿವಾಹ' ಎಂದು ಅಚ್ಚಾಗಿ ಬಂತು. ಒಂದೇ ಪಟ್ಟಿಗೆ ಕೂತು ಮುನ್ನೂರು ಬಕಾರಗಳ ಹೊಟ್ಟೆ ಸೀಳಿದ. ಅಷ್ಟು ಹೊಟ್ಟೆ ಸೀಳಿದ ವೀರ ಯಾವ ಪುರಾಣದಲ್ಲೂ ಇಲ್ಲ. ಮೂರು ವರ್ಷದ ನಂತರ ನಾದಿನಿಯ ಮದುವೆಯ ಕರೆಯೋಲೆ ಬಂತು. ಎರಡು ಬಣ್ಣ, ಒಂದೂ ತಪ್ಪಿಲ್ಲ. ಅದನ್ನು ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಆ ಕರೆಯೋಲೆಯ ವರನನ್ನು ಅವನು ಅಂದಿನಿಂದ ಕ್ಷಮಿಸಲಿಲ್ಲ.

ಅವನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಇದ್ದದ್ದು ಒಂದು ಸಾಲಿನ ಆಸೆ. ಆರುನೂರಕ್ಕೂ ಹೆಚ್ಚು ಪುಸ್ತಕ ತಿದ್ದಿದ್ದ, ಒಂದರಲ್ಲೂ ಅವನ ಹೆಸರಿರಲಿಲ್ಲ. ಲೇಖಕರು ಮುನ್ನುಡಿಯಲ್ಲಿ ಹೆಂಡತಿಗೆ, ಹೆಂಡತಿಯ ಅಣ್ಣನಿಗೆ, ಪಕ್ಕದಲ್ಲಿ ಸುಮ್ಮನೆ ಮಲಗಿದ್ದ ನಾಯಿಗೆ ಧನ್ಯವಾದ ಹೇಳುತ್ತಿದ್ದರು. ನಾಯಿಯ ಹೆಸರಿನ ಕಾಗುಣಿತ ಸರಿಮಾಡಿ ಕೊಟ್ಟವನು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ. 'ಕರಡು ತಿದ್ದಿದವರು' ಎಂದು ಒಂದು ಸಾಲು, ಅದರ ಮುಂದೆ ತನ್ನ ಹೆಸರು, ಒಂದೇ ಒಂದು ಪುಸ್ತಕದಲ್ಲಿ. ಇಷ್ಟೇ.

ಹೀಗಿರುವಾಗ ನಾದಿನಿಯ ಗಂಡನ ಗಡಿಯಾರ ರಿಪೇರಿ ಅಂಗಡಿ ಮುಚ್ಚಿತು.

"ರೀ, ನಿಮ್ಮ ಯಜಮಾನರ ಕಿವಿ ಮೇಲೆ ಒಂದು ಮಾತು ಹಾಕಿ. ತಂಗಿ ಗಂಡ ಕಂಪ್ಯೂಟರ್ ಕಲ್ತಿದಾರಂತೆ," ಅಂದಳು ಹೆಂಡತಿ.

"ಗಡಿಯಾರದೋರಿಗೆ ಅಕ್ಷರ ಎಲ್ಲಿ ಗೊತ್ತಾಗುತ್ತೆ?"

"ಒಂದರಿಂದ ಹನ್ನೆರಡರ ತನಕ ಗೊತ್ತಾಗುತ್ತೆ. ಮಿಕ್ಕಿದ್ದಕ್ಕೆ ನೀವಿದೀರಲ್ಲ."

ಹೀಗೆ ಕಾಗುಣಿತ ತನ್ನ ಕೈಯಾರೆ ಆ ಮನುಷ್ಯನನ್ನು ಮುದ್ರಣಾಲಯಕ್ಕೆ ಕರೆತಂದ. "ಇವರು ನನ್ನ ಷಡ್ಡಕರು," ಎಂದು ಪರಿಚಯ ಮಾಡಿಸಿದ. ಅವತ್ತಿನಿಂದ ಯಂತ್ರದವನಿಗೂ ಷಡ್ಡಕ, ಪುಸ್ತಕ ಹೊಲಿಯುವ ಅಕ್ಕನಿಗೂ ಷಡ್ಡಕ, ಯಜಮಾನರಿಗೂ ಷಡ್ಡಕ. ಒಬ್ಬನೇ ಮನುಷ್ಯ ಇಡೀ ಕಟ್ಟಡಕ್ಕೆ ಷಡ್ಡಕನಾದ ಉದಾಹರಣೆ ಬೇರೆಲ್ಲೂ ಇರಲಾರದು. ಅವನ ಕೆಲಸ ಹಸ್ತಪ್ರತಿ ನೋಡಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವುದು. ಬಂದ ಎರಡನೇ ವಾರ ಗೋಡೆಯ ಮೇಲೆ ವರ್ಷಗಳಿಂದ ನಾಲ್ಕೂಕಾಲಿಗೆ ನಿಂತಿದ್ದ ಗಡಿಯಾರವನ್ನು ಇಳಿಸಿ ಓಡಿಸಿದ. ಯಜಮಾನರು ಅದನ್ನು ನೋಡಿ ನೋಡಿ ಖುಷಿಪಟ್ಟರು. ಮೂವತ್ತೊಂದು ವರ್ಷ ಅದೇ ಗಡಿಯಾರದ ಕೆಳಗೆ ಕೂತು ಲಕ್ಷಾಂತರ ತಪ್ಪು ಸರಿಮಾಡಿದವನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಆಗ ಬಂತು ಆ ಗ್ರಂಥ. ಅನುವಾದ ಮಾಡಿದವರು ಒಬ್ಬ ವಯಸ್ಸಾದ ಭಿಕ್ಷು. ಎಲ್ಲರೂ ಭಂತೇ ಎನ್ನುತ್ತಿದ್ದರು. ನಲವತ್ತು ವರ್ಷ ಪಾಲಿ ಭಾಷೆ ಓದಿದವರು. ಬೋಧಿಸತ್ವ ಹಿಂದಿನ ಜನ್ಮಗಳಲ್ಲಿ ಹತ್ತು ಪಾರಮಿಗಳನ್ನು ಹೇಗೆ ಬೆಳೆಸಿಕೊಂಡ ಎಂಬ ಕಥೆಗಳನ್ನು ಆರು ನೋಟುಬುಕ್ಕುಗಳ ತುಂಬ ಕನ್ನಡಿಸಿ ತಂದಿದ್ದರು. ವಾರಕ್ಕೆರಡು ಸಲ ಬಂದು ಷಡ್ಡಕನ ಪಕ್ಕ ಕುರ್ಚಿ ಎಳೆದುಕೊಂಡು ಪರದೆ ನೋಡುತ್ತಾ ಕೂರುತ್ತಿದ್ದರು. ಒಂದೊಂದು ಸಾಲನ್ನೂ ಐದಾರು ಸಲ ಬದಲಾಯಿಸುತ್ತಿದ್ದರು. ಷಡ್ಡಕ ಪ್ರತಿ ಸಲವೂ "ಆಯ್ತು ಭಂತೇ" ಎಂದು ಬದಲಾಯಿಸುತ್ತಿದ್ದ.

ತಪ್ಪುಗಳೂ ಹಾಗೇ ಬರುತ್ತಿದ್ದವು. ಅತಿಥಿಯ ಹಸಿವು ತಣಿಸಲು ಮೊಲ ಬೆಂಕಿಗೆ ಹಾರುವ ಕಡೆ ಷಡ್ಡಕನ ಬೆರಳಲ್ಲಿ 'ಮೂಲವು ಬೆಂಕಿಗೆ ಹಾರಿತು' ಎಂದಾಯಿತು. ಕೋತಿ ಬೆನ್ನೇರಿ ಎಷ್ಟು ಹೊಲಸು ಮಾಡಿದರೂ ಕೋಣ ಸಹಿಸಿಕೊಂಡ ಕಥೆಯಲ್ಲಿ ಕ್ಷಾಂತಿ ಪಾರಮಿ, ಅಂದರೆ ತಾಳ್ಮೆ, ಕ್ರಾಂತಿ ಪಾರಮಿಯಾಯಿತು. ಕಾಗುಣಿತ ಅದನ್ನು ಹಿಡಿದು, ಕೆಂಪು ವೃತ್ತ ಹಾಕಿ, ಸ್ವತಃ ಎದ್ದು ಹೋಗಿ ಭಂತೇ ಮುಂದಿಟ್ಟ.

ಭಂತೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೋಣ ಕ್ರಾಂತಿ ಮಾಡಿದ್ರೆ ಆ ಕೋತಿ ಗತಿ ಏನಾಗಿರೋದು ಷಡ್ಡಕರೇ," ಎಂದು ಅವನ ಬೆನ್ನು ತಟ್ಟಿದರು. ತಪ್ಪು ಮಾಡಿದವನ ಬೆನ್ನಿಗೆ ಅವರ ಕೈ. ತಪ್ಪು ಹಿಡಿದವನ ಬೆನ್ನಿಗೆ ಕತ್ತರಿಸುವ ಯಂತ್ರದ ಗಾಳಿ.

ಕಾಗುಣಿತ ಮೇಜಿಗೆ ಮರಳಿ ಗ್ರಂಥವನ್ನು ಹಲ್ಲು ಕಚ್ಚಿ ಓದಿದ. ಓದುತ್ತಾ ಹೋದ ಹಾಗೆ ಅವನಿಗೆ ಬೋಧಿಸತ್ವನ ಮೇಲೂ ಹೊಟ್ಟೆ ಉರಿಯತೊಡಗಿತು. ಒಂದು ಜನ್ಮದಲ್ಲಿ ಎರಡು ಕಣ್ಣು ಕಿತ್ತು ಕೊಟ್ಟನಂತೆ, ಕೊನೆಗೆ ದಿವ್ಯದೃಷ್ಟಿಯೇ ಸಿಕ್ಕಿತಂತೆ. ತಾನು ಮೂವತ್ತೊಂದು ವರ್ಷದಿಂದ ದಿನಕ್ಕಿಷ್ಟು ಎಂದು ಕಣ್ಣು ಕೊಡುತ್ತಿದ್ದೇನೆ, ಸಿಕ್ಕಿದ್ದು ದಪ್ಪ ಕನ್ನಡಕ. ಬೋಧಿಸತ್ವನಾದರೂ ದೊಡ್ಡವನು, ಬಿಡಿ. ಆ ಕೋತಿ? ಕೋಣದ ಬೆನ್ನ ಮೇಲೆ ಹೊಲಸು ಮಾಡಿದ್ದು ಬಿಟ್ಟರೆ ಅದರ ಸಾಧನೆ ಏನು? ಅದಕ್ಕೂ ಗ್ರಂಥದಲ್ಲಿ ಒಂದು ಜಾಗ ಸಿಕ್ಕಿದೆ, ಕರಡು ತಿದ್ದುವವನಿಗೆ ಸಿಕ್ಕಿಲ್ಲ.

ಹತ್ತನೆಯ ಪಾರಮಿ ಉಪೇಕ್ಷೆ. ಆ ಪದದ ಮುಂದೆ ಅವನು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಅದು ಅವನೇ ಕಟ್ಟಿಕೊಂಡ ಕ್ರಮ. ತಪ್ಪಿದ್ದರೆ ತಿದ್ದುವುದು, ತಪ್ಪಿಲ್ಲದಿದ್ದರೂ ಓದುವವನು ಎಡವುತ್ತಾನೆ ಅನ್ನಿಸಿದ ಕಡೆ ಚಿಹ್ನೆ ಹಾಕಿ ಬರೆದವರನ್ನು ಕೇಳುವುದು. ಉಪೇಕ್ಷೆ ಎಂದರೆ ನಮ್ಮ ನಿಮ್ಮ ಬಾಯಲ್ಲಿ ಅಲಕ್ಷ್ಯ, ಅಸಡ್ಡೆ. ಬೋಧಿಸತ್ವ ಅಸಡ್ಡೆಯನ್ನು ಸಾಧಿಸಿದನೆ?

"ಇಲ್ಲಿ ಅದಕ್ಕೆ ಆ ಅರ್ಥ ಇಲ್ಲ," ಎಂದು ಭಂತೇ ಬಿಡಿಸಿ ಹೇಳಿದರು. ಬೋಧಿಸತ್ವ ಒಂದು ಜನ್ಮದಲ್ಲಿ ಸ್ಮಶಾನದಲ್ಲಿ ಮೂಳೆಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ. ಕೆಲವರು ಬಂದು ಹಿಂಸೆ ಕೊಟ್ಟರು, ಕೆಲವರು ಹೂವು ತಂದಿಟ್ಟರು. ಅವನು ಇಬ್ಬರನ್ನೂ ಒಂದೇ ಮನಸ್ಸಿನಿಂದ ನೋಡಿದ. ಹೊಗಳಿಕೆಗೆ ಹಿಗ್ಗದೆ ತೆಗಳಿಕೆಗೆ ಕುಗ್ಗದೆ ಇರುವುದು ಉಪೇಕ್ಷೆ. ಕಾಗುಣಿತನ ಸಲಹೆಯಂತೆ ಕೊನೆಯ ಅಧ್ಯಾಯದಲ್ಲಿ ಅಡಿಟಿಪ್ಪಣಿ ಹಾಕಿದ್ದೂ ಆಯಿತು. ಹಾಗಾಗಿ ಆ ಪದದ ಎರಡು ಅರ್ಥವೂ ಅವನಿಗೆ ಗೊತ್ತಿತ್ತು ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು.

ಎಲ್ಲ ಮುಗಿದ ಮೇಲೆ ಮುನ್ನುಡಿ ಬಂತು. ಷಡ್ಡಕ ಪುಟ ಕಟ್ಟಿ, ಅಚ್ಚು ತೆಗೆದು, "ತಗೊಳ್ಳಿ ಅಣ್ಣಾ, ಇದಾದ್ರೆ ಸೂಚಿಪುಟ ಒಂದೇ ಬಾಕಿ," ಎಂದು ಮೇಜಿನ ಮೇಲಿಟ್ಟು ಹೋದ. ಕಾಗುಣಿತ ಅಡಿಪಟ್ಟಿ ಇಟ್ಟು ಓದಿದ. ಗುರುಗಳಿಗೆ ವಂದನೆ, ಗೆಳೆಯರಿಗೆ ವಂದನೆ. ಅಡಿಪಟ್ಟಿಯನ್ನು ಕೆಳಗೆ ಜಾರಿಸಿದ. ಕೊನೆಯ ಪ್ಯಾರಾ ಹೀಗಿತ್ತು: 'ಪುಟ ಕಟ್ಟಿದವರು ಈ ಕೆಲಸದುದ್ದಕ್ಕೂ ತೋರಿದ ಉಪೇಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಎಷ್ಟು ಸಲ ಹೇಳಿದರೂ ಅವರಲ್ಲಿ ಅದು ಕದಲಲಿಲ್ಲ.' ಅದರ ಮುಂದೆ ಷಡ್ಡಕನ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಸಮೇತ. ಅಲ್ಲಿಗೆ ಮುನ್ನುಡಿ ಮುಗಿಯಿತು.

ಅವನು ಮೂರು ಸಲ ಓದಿದ. ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದ. ಪ್ರತಿ ಪುಟಕ್ಕೆ ಹತ್ತು ತಪ್ಪು ಮಾಡುವ ಮಹಾಶಯ ಈ ಪುಟದಲ್ಲಿ ಒಂದು ಸೊನ್ನೆಯನ್ನೂ ಬಿಟ್ಟಿರಲಿಲ್ಲ. ತನ್ನ ಹೊಗಳಿಕೆ ಬಂದಾಗ ಕೈ ಎಷ್ಟು ಚೆನ್ನಾಗಿ ಓಡುತ್ತದೆ ನೋಡು, ಅಂದುಕೊಂಡ.

ಆಮೇಲೆ ಆ ಪದ ಅವನಿಗೆ ಕಣ್ಣು ಹೊಡೆಯಿತು.

ಅಡಿಟಿಪ್ಪಣಿ ಇರುವುದು ಇನ್ನೂರಾ ನಲವತ್ತನೆಯ ಪುಟದಲ್ಲಿ. ಮುನ್ನುಡಿ ಇರುವುದು ಮೊದಲಲ್ಲಿ. ಪುಸ್ತಕ ತೆರೆದವನಿಗೆ ಇದು ಹೇಗೆ ಕಾಣುತ್ತದೆ? ಪುಟ ಕಟ್ಟಿದವನ ಅಸಡ್ಡೆ ಎಲ್ಲೂ ಕಾಣದಂಥದ್ದು, ಎಷ್ಟು ಹೇಳಿದರೂ ಅವನು ತಿದ್ದಿಕೊಳ್ಳಲಿಲ್ಲ. ಕೆಂಪು ಪೆನ್ನು ಅಂಚಿನ ತನಕ ಹೋಯಿತು, ಪ್ರಶ್ನಾರ್ಥಕ ಚಿಹ್ನೆಯ ಕೊಕ್ಕೆ ಬರೆಯಲು ಬಾಗಿತು, ಹಾಗೇ ಗಾಳಿಯಲ್ಲಿ ನಿಂತಿತು. ತಪ್ಪೇನಿದೆ ಇಲ್ಲಿ? ಪದ ಸರಿ, ಕಾಗುಣಿತ ಸರಿ, ಒತ್ತು ಸರಿ. ಬರೆದವರು ಪಂಡಿತರು. ನಾನ್ಯಾರು ಕೇಳುವುದಕ್ಕೆ?

ಮೂವತ್ತೊಂದು ವರ್ಷದಲ್ಲಿ ಅವನು ಅಷ್ಟು ವಿನಯ ತೋರಿಸಿದ್ದು ಅದೇ ಮೊದಲು. ಮುಚ್ಚಳ ಹಾಕಿ, 'ಸರಿಯಿದೆ' ಎಂದು ಬರೆದು ಸಹಿ ಮಾಡಿ ಕೊಟ್ಟುಬಿಟ್ಟ. ಅವತ್ತು ಮನೆಗೆ ಹೋಗುವಾಗ ಹಾಲು ಕುಡಿದಷ್ಟು ಸಂತೋಷವಾಗಿತ್ತು. ದಾರಿಯ ಅಂಗಡಿಗಳ ಬೋರ್ಡುಗಳಲ್ಲಿ ಇದ್ದ ತಪ್ಪುಗಳನ್ನೂ ಕ್ಷಮಿಸಿದ.

ಯಜಮಾನರು ಯಾವ ಪುಸ್ತಕವನ್ನೂ ಓದುವವರಲ್ಲ. ಮುನ್ನುಡಿಯನ್ನು ಮಾತ್ರ, ತಮ್ಮ ಮುದ್ರಣಾಲಯದ ಬಗ್ಗೆ ಎರಡು ಒಳ್ಳೆಯ ಮಾತು ಇದೆಯೋ ಇಲ್ಲವೋ ಎಂದು, ಅಚ್ಚಿಗೆ ಹೋಗುವ ಮುಂಚೆ ನೋಡುತ್ತಿದ್ದರು. ಎರಡು ದಿನದ ಮೇಲೆ ಅವರ ಕೋಣೆಯಿಂದ ಷಡ್ಡಕನಿಗೆ ಕರೆ ಹೋಯಿತು. ಕೋಣೆಗೆ ಅರ್ಧ ಗೋಡೆ, ಅರ್ಧ ಗಾಜು. ಮಾತು ಪೂರ್ತಿ ಹೊರಗೆ ಕೇಳುತ್ತಿತ್ತು.

"ಏನ್ರೀ ಇದು? ನಗ್ತಾ ನಗ್ತಾ ಕೂತಿರ್ತಿದ್ರಿ, ನಾನು ಕೆಲಸ ನಡೀತಿದೆ ಅಂದ್ಕೊಂಡೆ. ನಿಮ್ಮಂಥ ಅಸಡ್ಡೆ ಎಲ್ಲೂ ನೋಡಿಲ್ಲ ಅಂತ ಬರೆದಿದಾರೆ. ಅವರು ಸನ್ಯಾಸಿಗಳು, ಬಾಯಿಬಿಟ್ಟು ಬಯ್ಯೋಕೆ ಬರಲ್ಲ, ಪಾಪ, ಹೀಗೆ ಬರೆದು ಕೊಟ್ಟಿದಾರೆ."

"ಇರಬಹುದು ಯಜಮಾನ್ರೇ. ತುಂಬ ತಪ್ಪು ಮಾಡ್ದೆ. ಕ್ರಾಂತಿ ಎಲ್ಲಾ ನಂದೇ."

"ನಾಳೆಯಿಂದ ಬೇರೆ ಕಡೆ ನೋಡ್ಕೊಳ್ಳಿ."

"ಆಯ್ತು. ಸೂಚಿಪುಟ ಬಾಕಿ ಇದೆ, ಇವತ್ತು ಮುಗಿಸಿ ಹೋಗ್ತೀನಿ."

ಕಾಗುಣಿತನ ಕಿವಿ ಮೊಲದ ಕಿವಿಯಾಗಿತ್ತು. ಗೆದ್ದೆ, ಅಂದುಕೊಂಡ. ಗೆಲುವು ಬಾಯಿಗೆ ಸಿಹಿಯಾಗುವ ಮುಂಚೆಯೇ ಷಡ್ಡಕ ಹೊರಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಸೂಚಿಪುಟ ಕಟ್ಟತೊಡಗಿದ. ಯಾವ ಫೈಲು ಎಲ್ಲಿದೆ ಎಂದು ಯಂತ್ರದವನಿಗೆ ತೋರಿಸಿಕೊಟ್ಟ. ಮುಖದಲ್ಲಿ ಒಂದು ಗೆರೆ ಬದಲಾಗಿರಲಿಲ್ಲ. ಕೂಗಾಡುತ್ತಾನೆ, ಕಣ್ಣೀರು ಹಾಕುತ್ತಾನೆ, ಕೊನೆಗೆ ಒಂದು ಬಾಗಿಲನ್ನಾದರೂ ಜೋರಾಗಿ ಹಾಕುತ್ತಾನೆ ಎಂದು ಕಾದಿದ್ದ ಕಾಗುಣಿತನಿಗೆ ಮೋಸವಾಯಿತು. ಕೆಲಸ ಕಳೆದುಕೊಳ್ಳುವುದನ್ನೂ ಈ ಮನುಷ್ಯ ತನಗಿಂತ ಚೆನ್ನಾಗಿ ಮಾಡುತ್ತಾನೆ. ಹೊಟ್ಟೆಯೊಳಗೆ ಉರಿ ಇನ್ನೊಂದು ಕಡೆಯಿಂದ ಹತ್ತಿಕೊಂಡಿತು. ಈ ಸಲದ ಉರಿಯಲ್ಲಿ ನಾದಿನಿಯ ಮುಖವೂ ಇತ್ತು. ಅವಳ ಮನೆಯ ಒಲೆ ಈಗ ಹೊತ್ತಿಕೊಳ್ಳುವುದು ಈ ಒಂದು ಸಂಬಳದಲ್ಲಿ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಯಜಮಾನರೇ ಅವನ ಮೇಜಿನ ಹತ್ತಿರ ಬಂದರು. "ನೀವೂ ಓದಿದ್ರಲ್ಲ. ನಿಮ್ಮ ಷಡ್ಡಕರು ಅಂತ ಸುಮ್ಮನಿದ್ರಿ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ."

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ತಲೆ ಆಡಲಿಲ್ಲ.

"ಅದು ಬೈಗುಳ ಅಲ್ಲ ಯಜಮಾನ್ರೇ," ಅಂದ ಕಾಗುಣಿತ. "ಹೊಗಳಿಕೆ."

ಇನ್ನೂರಾ ನಲವತ್ತನೆಯ ಪುಟ ತೆಗೆದು ಅಡಿಟಿಪ್ಪಣಿಯ ಮೇಲೆ ಅಡಿಪಟ್ಟಿ ಇಟ್ಟ. ಯಜಮಾನರು ಬಗ್ಗಿ ಓದಿದರು. ಮತ್ತೆ ಮುನ್ನುಡಿ ಓದಿದರು. ಮುಖ ಮೊದಲು ಬಿಳುಪಾಗಿ ಆಮೇಲೆ ಕೆಂಪಾಯಿತು.

"ಅಲ್ರೀ, ಹಾಗಾದ್ರೆ ಇಲ್ಲಿ ಒಂದು ಗುರುತು ಹಾಕೋದಲ್ವಾ? ಯಾರು ಓದಿದ್ರೂ ಹೀಗೇ ತಿಳ್ಕೊಳ್ತಾರೆ. ಹೋಗ್ಲಿ ಬಿಡಿ, ವಯಸ್ಸಾಯ್ತು, ಕಣ್ತಪ್ಪಿರುತ್ತೆ."

ಪಾರಾಗುವ ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು. ಬೇರೆ ಯಾರಾಗಿದ್ದರೂ ಹೌದು ಎಂದು ತಲೆ ತಗ್ಗಿಸಿ ಅದರಲ್ಲಿ ನುಸುಳಿ ಹೋಗುತ್ತಿದ್ದರು. ಆದರೆ ಕಣ್ತಪ್ಪು? ಆರುನೂರು ಪುಸ್ತಕಗಳ ನಂತರ? ಒಂದು ಒತ್ತು ಕೈಬಿಟ್ಟರೆ ಆ ವಾರವೆಲ್ಲ ಊಟ ರುಚಿಸದವನ ಮೇಲೆ ಇಂಥ ಅಪವಾದವೆ? ಸತ್ಯವೂ ಹತ್ತು ಪಾರಮಿಗಳಲ್ಲಿ ಒಂದು. ಬೋಧಿಸತ್ವ ಅದನ್ನು ಕರುಣೆಯಿಂದ ಸಾಧಿಸಿದ. ನಮ್ಮ ಕಾಗುಣಿತ ಜಂಬದಿಂದ ಸಾಧಿಸಿದ.

"ಕಣ್ತಪ್ಪಲ್ಲ," ಅಂದ. "ನೋಡಿದ್ದೆ. ಬೇಕಂತಲೇ ಬಿಟ್ಟೆ."

"ಬೇಕಂತಲೇ?"

"ಹೂಂ."

"ಯಾಕ್ರೀ?"

"ಹೊಟ್ಟೆಕಿಚ್ಚು," ಅಂದ ಕಾಗುಣಿತ, ಎರಡೂ ಒತ್ತುಗಳನ್ನು ಸ್ಪಷ್ಟವಾಗಿ ಉಚ್ಚರಿಸಿ.

ಯಂತ್ರದವನು ಯಂತ್ರ ನಿಲ್ಲಿಸಿದ. ಹೊಲಿಯುವ ಅಕ್ಕನ ಸೂಜಿ ಅರ್ಧದಲ್ಲಿ ನಿಂತಿತು. ಎಲ್ಲರೂ ಷಡ್ಡಕನ ಕಡೆ ನೋಡಿದರು. ಅವನು ಕುರ್ಚಿ ಇತ್ತ ತಿರುಗಿಸಿದ.

"ನಾನೂ ಅದನ್ನ ಬೈಗುಳ ಅಂತಲೇ ಟೈಪ್ ಮಾಡಿದ್ದು ಅಣ್ಣಾ. ಆ ಅಡಿಟಿಪ್ಪಣಿ ಅಕ್ಷರ ನೋಡಿ ಹೊಡೆದಿದ್ದೆ, ಅರ್ಥ ತಲೆಗೆ ಹೋಗಿರ್ಲಿಲ್ಲ."

"ಬೈಗುಳ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ವಾ?" ಅಂದ ಕಾಗುಣಿತ.

"ಅವರು ಬರೆದದ್ದು. ನನ್ನ ಬಗ್ಗೆ ಇದೆ ಅಂತ ನಾನು ಬದಲಾಯ್ಸೋಕಾಗುತ್ತಾ? ಹೇಗೂ ಬೈಸ್ಕೊಳ್ತಿದೀನಿ, ಆ ಒಂದು ಪುಟದಲ್ಲಾದ್ರೂ ತಪ್ಪಿರಬಾರದು ಅಂತ ಮೂರು ಸಲ ನೋಡ್ದೆ."

ಇದಕ್ಕಿಂತ ಅವನು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಇಷ್ಟು ದಿನ ಕಾಗುಣಿತ ಅವನ ಗಡಿಯಾರದ ಮೇಲೆ, ನಗುವಿನ ಮೇಲೆ, ಎರಡು ಬಣ್ಣದ ಕರೆಯೋಲೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದ. ಈಗ ಅವನ ಗುಣದ ಮೇಲೂ ಪಡಬೇಕಾಗಿ ಬಂತು. ಅದು ಬಹಳ ಕಷ್ಟದ ಹೊಟ್ಟೆಕಿಚ್ಚು. ಹಿಡಿದುಕೊಳ್ಳಲು ಒಂದು ತಪ್ಪೂ ಸಿಗುವುದಿಲ್ಲ.

ಷಡ್ಡಕನ ಕೆಲಸ ಉಳಿಯಿತು. ಯಜಮಾನರು ಕಾಗುಣಿತನ ಜೊತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಭಂತೇ ಬಂದು ವಿಷಯ ಕೇಳಿ ತಲೆ ಸವರಿಕೊಂಡರು. "ನಂದೇ ತಪ್ಪು. ಪಾಲಿ ಓದಿ ಓದಿ, ಬೀದೀಲಿ ಆ ಪದಕ್ಕೆ ಏನರ್ಥ ಅನ್ನೋದೇ ಮರೆತುಹೋಗಿದೆ. ಅದರ ಜಾಗಕ್ಕೆ ಏನು ಹಾಕೋಣ?"

"ಸಮಚಿತ್ತ," ಅಂದ ಕಾಗುಣಿತ. ಷಡ್ಡಕನ ಹೊಗಳಿಕೆಗೆ ಸರಿಹೊಂದುವ ಪದವನ್ನು ತನ್ನದೇ ಕೆಂಪು ಪೆನ್ನಿನಲ್ಲಿ, ತನ್ನದೇ ಅಕ್ಷರದಲ್ಲಿ ಬರೆದುಕೊಟ್ಟ. ಬೋಧಿಸತ್ವ ಕಣ್ಣು ಕೊಟ್ಟದ್ದು ಇದಕ್ಕಿಂತ ಸುಲಭವಿದ್ದಿರಬೇಕು.

ಭಂತೇ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಕರಡು ತಿದ್ದಿದವರು ಎಂದು ಬರೆದು, ಅವನ ಪೂರ್ತಿ ಹೆಸರು ಕೇಳಿಕೊಂಡರು.

"ಇಷ್ಟೆಲ್ಲ ಆದ ಮೇಲೂ ಇವರ ಹೆಸರು ಹಾಕ್ತೀರಾ ಭಂತೇ?" ಅಂದರು ಯಜಮಾನರು.

"ನನ್ನ ತಪ್ಪನ್ನ ಹಿಡಿದೋರು ಇವರೊಬ್ರೇ. ಹೇಳಿದ್ದು ಎರಡು ದಿನ ತಡ ಆಯ್ತು, ಅಷ್ಟೇ."

ಸಂಜೆ ಆ ಪುಟದ ಕೊನೆಯ ಕರಡು ಮೇಜಿಗೆ ಬಂತು. ಕಾಗುಣಿತ ಕನ್ನಡಕ ಒರೆಸಿಕೊಂಡ. ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರಿನ ಕೆಳಗೆ ಅಡಿಪಟ್ಟಿ ಇಟ್ಟ. ಹೆಸರು ಸರಿಯಾಗಿತ್ತು. ಹೆಸರಿನ ಹಿಂದೆ 'ಕರಡಿ ತಿದ್ದಿದವರು' ಎಂದಿತ್ತು.

"ಷಡ್ಡಕರೇ, ಇಲ್ಲಿ ಕೊಂಬು ಹೋಗಿ ಗುಡಿಸು ಬಂದಿದೆ."

"ಗೊತ್ತು ಅಣ್ಣಾ. ಕಣ್ತಪ್ಪಲ್ಲ, ಬೇಕಂತಲೇ. ನಿಮ್ಮ ಹೆಸರು ಬಂದ ಖುಷೀಲಿ ನಿಮಗೆ ಕಾಣ್ಸುತ್ತೋ ಇಲ್ವೋ ಅಂತ ನೋಡಿದೆ."

ಭಂತೇ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ಯಜಮಾನರು ಗಾಜಿನ ಆಚೆ ನಕ್ಕರು. ಹೊಲಿಯುವ ಅಕ್ಕ ದಾರ ಕಡಿಯುವುದು ಮರೆತು ನಕ್ಕಳು. ಕಾಗುಣಿತ ಕರಡಿಯನ್ನು ಕರಡು ಮಾಡಿ, ಸಹಿ ಹಾಕಿ ಕೊಟ್ಟ. ಹೆಸರು ಅಚ್ಚಿಗೆ ಹೋಯಿತು. ಅವನು ಮಾತ್ರ ನಗಲಿಲ್ಲ. ಕರಡು, ಕರಡಿ. ಮೂವತ್ತೊಂದು ವರ್ಷ ಕಣ್ಣ ಮುಂದೆಯೇ ಇದ್ದ ಮಾತು. ಇವನಿಗೆ ಹೊಳೆಯಿತು, ತನಗೆ ಯಾಕೆ ಹೊಳೆಯಲಿಲ್ಲ?

ಮನೆ ತಲುಪುವಷ್ಟರಲ್ಲಿ ಅವನು ಒಂದು ನಿರ್ಧಾರಕ್ಕೆ ಬಂದಿದ್ದ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಏನೂ ವಿಶೇಷವಿಲ್ಲ ಎಂಬಂತೆ ಕೂತು ಹೇಳಿದ: "ಇವತ್ತು ನನ್ನ ಹೆಸರು ಪುಸ್ತಕಕ್ಕೆ ಬಂತು ಕಣೆ. ನಾನೇ ಒಂದು ತಮಾಷೆ ಮಾಡ್ದೆ. ಕರಡು ತಿದ್ದಿದವರು ಅಂತ ಯಾಕೆ, ಕರಡಿ ತಿದ್ದಿದವರು ಅಂತ ಹಾಕಿ, ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು."

ಹೆಂಡತಿ ಲೋಟ ಒರೆಸುತ್ತಾ ಅವನನ್ನೇ ನೋಡಿದಳು.

"ತಂಗಿ ಆಗ್ಲೇ ಫೋನ್ ಮಾಡಿದ್ಲು," ಅಂದಳು.